ದೊಡ್ಡಾಟದ ಸಾರಥಿ, ಕಂಪ್ಯೂಟರಿನ ಸಾರಥಿ

ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ದೊಡ್ಡಾಟದ ತಾಲೀಮು ಶುರುವಾಗುವುದು ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳೆಯ ರೂಢಿ. ಹಗಲೆಲ್ಲ ಹೊಲದಲ್ಲಿ ದುಡಿದವರೇ ರಾತ್ರಿ ಮಾಸ್ತರರ ಮುಂದೆ ನಿಂತು ಮಾತು, ಹಾಡು, ಹೆಜ್ಜೆ ಕಲಿಯುತ್ತಾರೆ. ಆಟದ ರಾತ್ರಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಪಾತ್ರವೊಂದು ರಂಗಕ್ಕೆ ಬಂದೊಡನೆ ಎದುರಾಗುವವನು ಸಾರಥಿ. ಅವನ ಮೊದಲ ಕೆಲಸ ಪ್ರಶ್ನೆ ಕೇಳುವುದು. ಬಂದವರು ಯಾರು, ಯಾವ ದೇಶದವರು, ಎಂಥ ಪರಾಕ್ರಮಿಗಳು, ಇಲ್ಲಿಗೆ ಬಂದ ಕಾರಣವೇನು? ಪಾತ್ರಧಾರಿ ಇದಕ್ಕೆಲ್ಲ ಉತ್ತರ ಹೇಳಿದ ಮೇಲೆಯೇ ಕಥೆ ಮುಂದೆ ಸಾಗುತ್ತದೆ. ಅಷ್ಟು ಹೊತ್ತಿಗೆ ಊರಿನ ರೈತ ಮರೆಯಾಗಿ ಭೀಮನೋ ಕೀಚಕನೋ ಎದುರಿಗೆ ನಿಂತಿರುತ್ತಾನೆ.

ಇದೇ ಪ್ರಶ್ನೆಯನ್ನು ಬೇರೊಬ್ಬ ಸಾರಥಿಯೂ ಕೇಳುತ್ತಾನೆ. ಅವನಿರುವುದು ಕಂಪ್ಯೂಟರಿನ ಒಳಗೆ. ನೀವು ಯಾರು, ಗಂಡೋ ಹೆಣ್ಣೋ, ಯಾವ ಕುಲದವರು, ಖಡ್ಗ ಹಿಡಿಯುವವರೋ ಮಂತ್ರ ಹೇಳುವವರೋ, ನಿಮ್ಮ ಬಲವೆಷ್ಟು, ಬುದ್ಧಿಯೆಷ್ಟು? ಎಲ್ಲಕ್ಕೂ ಉತ್ತರ ಸಿಕ್ಕ ಮೇಲೆ ಪರದೆಯ ಮೇಲೆ ಒಂದು ಲೋಕ ತೆರೆದುಕೊಳ್ಳುತ್ತದೆ. ಇಂಥ ಆಟಗಳಿಗೆ ‘ರೋಲ್ ಪ್ಲೇಯಿಂಗ್’ ಆಟಗಳೆಂದು ಹೆಸರು. ಕನ್ನಡದಲ್ಲಿ ಪಾತ್ರ ವಹಿಸುವ ಆಟ ಎನ್ನಬಹುದು. ಅದರಲ್ಲೂ ಒಬ್ಬನೇ ವೀರನ ಬದಲು ನಾಲ್ಕಾರು ಜನರ ದಂಡು ಕಟ್ಟಿಕೊಂಡು ಹೊರಡುವ ಆಟಗಳದ್ದು ಒಂದು ದೊಡ್ಡ ಪರಂಪರೆಯೇ ಆಗಿದೆ. ಅದರ ಬೇರುಗಳಲ್ಲಿ ಒಂದು ಭಾರತದ ಮಣ್ಣಿನಲ್ಲೇ ಇದೆ ಎಂಬುದು ಹಲವರಿಗೆ ತಿಳಿಯದ ಸಂಗತಿ.

ವೈದ್ಯರು ಕಟ್ಟಿದ ಆಟ

ಈ ಪರಂಪರೆಯ ಹೆಸರಾಂತ ಕೃತಿ ‘ಬಾಲ್ಡರ್ಸ್ ಗೇಟ್’. ಕೆನಡಾ ದೇಶದ ಎಡ್ಮಂಟನ್ ನಗರದ ಬಯೋವೇರ್ ಎಂಬ ಸಂಸ್ಥೆ ಅದನ್ನು ತಯಾರಿಸಿತು. 1995ರಲ್ಲಿ ಈ ಸಂಸ್ಥೆಯನ್ನು ಹುಟ್ಟುಹಾಕಿದ ರೇ ಮುಝೈಕಾ, ಗ್ರೆಗ್ ಝೆಶುಕ್ ಮತ್ತು ಆಗಸ್ಟೀನ್ ಯಿಪ್ ಮೂವರೂ ವೈದ್ಯಕೀಯ ಪದವೀಧರರು. ವೈದ್ಯಕೀಯ ವಿದ್ಯಾರ್ಥಿಗಳ ಕಲಿಕೆಗೆ ಬೇಕಾದ ತಂತ್ರಾಂಶ ಬರೆಯುತ್ತಲೇ ಅವರು ಆಟಗಳ ಕಡೆಗೆ ಹೊರಳಿದರು. ಮುಖ್ಯ ವಿನ್ಯಾಸಕ ಜೇಮ್ಸ್ ಓಲನ್ ಗೆಳೆಯರೊಡನೆ ಮೇಜಿನ ಸುತ್ತ ಕುಳಿತು ಇಂಥ ಆಟಗಳನ್ನು ವರ್ಷಗಟ್ಟಲೆ ಆಡಿದ್ದವರು. ಹಾಗೆ ಆಡಿದಾಗ ಹುಟ್ಟಿದ ಕೆಲವು ಪಾತ್ರಗಳೇ ಬಾಲ್ಡರ್ಸ್ ಗೇಟ್‌ಗೂ ಬಂದವು. 1998ರ ಡಿಸೆಂಬರ್‌ನಲ್ಲಿ ಐದು ಸಿ.ಡಿ.ಗಳಲ್ಲಿ ಆಟ ಮಾರುಕಟ್ಟೆಗೆ ಬಂತು. ಅದರ ಎರಡನೆಯ ಭಾಗ 2000ದಲ್ಲಿ ಪ್ರಕಟವಾಯಿತು. ಮೂರನೆಯ ಭಾಗವನ್ನು ಬೆಲ್ಜಿಯಂನ ಲಾರಿಯನ್ ಸಂಸ್ಥೆ 2023ರಲ್ಲಿ ಹೊರತಂದಿತು.

ಕಥೆ ಆರಂಭವಾಗುವುದು ಒಂದು ಗ್ರಂಥಾಲಯದಲ್ಲಿ. ಕ್ಯಾಂಡಲ್‌ಕೀಪ್ ಎಂಬ ಕೋಟೆಯೇ ಒಂದು ದೊಡ್ಡ ಪುಸ್ತಕ ಭಂಡಾರ. ಒಳಗೆ ಹೋಗಬೇಕಾದವರು ಬೆಲೆಬಾಳುವ ಪುಸ್ತಕವೊಂದನ್ನು ಕಾಣಿಕೆ ಕೊಡಬೇಕು. ಅಲ್ಲಿ ಬೆಳೆದ ಅನಾಥ ಬಾಲಕ ಅಥವಾ ಬಾಲಕಿಯೇ ಆಟಗಾರ. ಸಾಕು ತಂದೆ ಗೋರಿಯನ್ ಒಂದು ರಾತ್ರಿ ಇದ್ದಕ್ಕಿದ್ದಂತೆ ಊರು ಬಿಡಿಸಿ ಕರೆದೊಯ್ಯುತ್ತಾನೆ. ದಾರಿಯಲ್ಲಿ ಶತ್ರುಗಳ ಕೈಯಲ್ಲಿ ಹತನಾಗುತ್ತಾನೆ. ಬೆಳಗಾದಾಗ ಆಟಗಾರನ ಜೊತೆಗಿರುವವಳು ಇಮೊಯೆನ್ ಎಂಬ ಬಾಲ್ಯದ ಗೆಳತಿ ಒಬ್ಬಳೇ.

ಅವರು ಕಾಲಿಡುವ ನಾಡಿಗೂ ಒಂದು ಸಂಕಟ ಬಂದಿದೆ. ಅಲ್ಲಿನ ಕಬ್ಬಿಣ ಹಾಳಾಗುತ್ತಿದೆ. ಗಣಿಯಿಂದ ಬಂದ ಅದಿರಿನಲ್ಲಿ ಮಾಡಿದ ಕತ್ತಿ, ಗುದ್ದಲಿ ಎಲ್ಲವೂ ಪುಡಿಯಾಗುತ್ತಿವೆ. ಆಟಗಾರನ ಕೈಯಲ್ಲಿನ ಖಡ್ಗವೂ ಯುದ್ಧದ ನಡುವೆ ಮುರಿದು ಬೀಳಬಹುದು. ಇದು ದೆವ್ವದ ಕಾಟವೆಂದು ಜನ ನಂಬಿದ್ದಾರೆ. ಗಣಿಗೆ ಇಳಿದು ನೋಡಿದರೆ ಯಾರೋ ಬೇಕೆಂದೇ ಅದಿರು ಕೆಡಿಸುತ್ತಿರುವುದು ತಿಳಿಯುತ್ತದೆ. ಕಬ್ಬಿಣದ ಕೊರತೆ ಹುಟ್ಟಿಸಿ, ಬೆಲೆ ಏರಿಸಿ, ಎರಡು ನಾಡುಗಳ ನಡುವೆ ಯುದ್ಧ ಹಚ್ಚುವ ವರ್ತಕ ಕೂಟವೊಂದು ಇದರ ಹಿಂದಿದೆ. ಕಾಳಸಂತೆಯ ಕಥೆ ಗೊತ್ತಿರುವ ಯಾವ ಓದುಗನಿಗೂ ಇದು ಪರಕೀಯವೆನಿಸದು.

ಒಬ್ಬನಿಂದ ಆಗದು

ಈ ದಾರಿಯನ್ನು ಒಬ್ಬನೇ ಸವೆಸುವುದು ಬಹಳ ಕಷ್ಟ. ಆದ್ದರಿಂದ ಆಟಗಾರ ದಾರಿಯಲ್ಲಿ ಸಿಕ್ಕವರಲ್ಲಿ ಬೇಕಾದವರನ್ನು ಕೂಡಿಸಿಕೊಂಡು ಹೆಚ್ಚೆಂದರೆ ಆರು ಜನರ ದಂಡು ಕಟ್ಟುತ್ತಾನೆ. ಒಬ್ಬೊಬ್ಬರದು ಒಂದೊಂದು ಕಸುಬು. ಕವಚ ತೊಟ್ಟ ಯೋಧ ಮುಂದೆ ನಿಂತು ಏಟು ತಿನ್ನಬೇಕು. ಮಾಂತ್ರಿಕ ಹಿಂದೆ ನಿಂತು ಮಂತ್ರ ಹೇಳಬೇಕು. ಆದರೆ ಆರಂಭದಲ್ಲಿ ಅವನು ನೆನಪಿನಲ್ಲಿ ಇಟ್ಟುಕೊಳ್ಳಬಲ್ಲ ಮಂತ್ರಗಳು ಬೆರಳೆಣಿಕೆಯಷ್ಟು. ಹೇಳಿದ ಮಂತ್ರ ಮರೆತುಹೋಗುತ್ತದೆ, ನಿದ್ದೆ ಮಾಡಿ ಎದ್ದ ಮೇಲೆಯೇ ಮತ್ತೆ ನೆನಪಿಗೆ ಬರುತ್ತದೆ. ಎರಡು ಏಟು ಬಿದ್ದರೆ ಅವನ ಪ್ರಾಣವೇ ಹೋದೀತು. ಪೂಜಾರಿ ಗಾಯ ಮಾಯಿಸುತ್ತಾನೆ. ಕಳ್ಳನ ವಿದ್ಯೆಯೂ ಬೇಕು. ಬಾಗಿಲ ಬೀಗ ತೆಗೆಯುವವನು, ನೆಲದಲ್ಲಿ ಅಡಗಿಸಿಟ್ಟ ಉರುಳು ಕಂಡುಹಿಡಿಯುವವನು ಅವನೇ.

ಕನ್ನಡದ ಓದುಗರಿಗೆ ಈ ಏರ್ಪಾಡು ಹೊಸದೇನಲ್ಲ. ವಿರಾಟಪರ್ವವನ್ನು ನೆನೆದರೆ ಸಾಕು. ಅಜ್ಞಾತವಾಸಕ್ಕೆ ಹೊರಟವರು ಪಾಂಡವರು ಐವರು, ದ್ರೌಪದಿ ಸೇರಿ ಆರು ಜನ. ವಿರಾಟನ ಅರಮನೆಯಲ್ಲಿ ಒಬ್ಬೊಬ್ಬರೂ ಒಂದು ವೇಷ, ಒಂದು ಕಸುಬು ಹಿಡಿದರು. ಧರ್ಮರಾಯ ದಾಳ ಬಲ್ಲ ಕಂಕಭಟ್ಟನಾದ. ಭೀಮ ಅಡುಗೆಯ ವಲಲನಾದ. ಅರ್ಜುನ ನಾಟ್ಯ ಕಲಿಸುವ ಬೃಹನ್ನಳೆಯಾದ. ನಕುಲ ಕುದುರೆಗಳನ್ನೂ ಸಹದೇವ ಗೋವುಗಳನ್ನೂ ನೋಡಿಕೊಂಡರು. ದ್ರೌಪದಿ ಸೈರಂಧ್ರಿಯಾದಳು. ಕೀಚಕನ ಕಾಟ ಬಂದಾಗ ಅವನನ್ನು ನಾಟ್ಯಶಾಲೆಗೆ ಬರುವಂತೆ ಮಾಡಿದ್ದು ದ್ರೌಪದಿಯ ಜಾಣ್ಮೆ, ಕೊಂದದ್ದು ಭೀಮನ ತೋಳು. ಗೋಗ್ರಹಣದ ಹೊತ್ತಿಗೆ ಬೇಕಾದದ್ದು ಬೃಹನ್ನಳೆಯ ಸಾರಥ್ಯ ಮತ್ತು ಬಿಲ್ಲು. ಒಬ್ಬರ ಕೆಲಸ ಮತ್ತೊಬ್ಬರಿಂದ ಆಗುವಂತಿರಲಿಲ್ಲ. ಬಯಲಾಟದವರು ಈ ಕಥೆಯನ್ನು ಮತ್ತೆ ಮತ್ತೆ ಆಡಿರುವುದು ಸುಮ್ಮನೆ ಅಲ್ಲ.

ದಂಡು ಎಂದ ಮೇಲೆ ಜಗಳವೂ ಇರುತ್ತದೆ. ಬಾಲ್ಡರ್ಸ್ ಗೇಟ್ ಜನಪ್ರಿಯವಾಗಲು ಇದೂ ಒಂದು ಕಾರಣ. ಜೊತೆಗೆ ಬಂದವರು ಬರೀ ಕಾಯಿಗಳಲ್ಲ. ಜಹೈರಾ ಮತ್ತು ಖಾಲಿದ್ ಗಂಡ ಹೆಂಡತಿ. ಹೆಂಡತಿಯದು ಗಟ್ಟಿ ಬಾಯಿ, ಗಂಡನಿಗೆ ಮಾತು ತೊದಲು. ಮಿನ್ಸ್ಕ್ ಎಂಬ ಭಾರೀ ಯೋಧ ಬೂ ಎಂಬ ಪುಟ್ಟ ಹ್ಯಾಮ್‌ಸ್ಟರ್ ಪ್ರಾಣಿಯನ್ನು ಜೊತೆಗಿಟ್ಟುಕೊಂಡು ಅದರ ಸಲಹೆ ಕೇಳುತ್ತಾನೆ. ಸೆರೆಯಲ್ಲಿರುವ ಗೆಳತಿಯನ್ನು ಬಿಡಿಸಿಕೊಡುವಂತೆ ಬೇಡುತ್ತಾನೆ. ಮಾತು ಕೊಟ್ಟು ತಡ ಮಾಡಿದರೆ ಸಿಟ್ಟಾಗುತ್ತಾನೆ. ಒಳ್ಳೆಯವರನ್ನೂ ಕೇಡಿಗರನ್ನೂ ಒಟ್ಟಿಗೆ ಕಟ್ಟಿಕೊಂಡರೆ ಮಾತಿಗೆ ಮಾತು ಬೆಳೆದು ಹೊಡೆದಾಟವಾಗಬಹುದು.

ಇದಲ್ಲದೆ ದಂಡಿನ ಹೆಸರಿಗೆ 1ರಿಂದ 20ರವರೆಗೆ ಒಂದು ಅಂಕ ಇರುತ್ತದೆ. ಜನರಿಗೆ ಉಪಕಾರ ಮಾಡಿದರೆ ಅದು ಏರುತ್ತದೆ, ಅಂಗಡಿಯವರು ಬೆಲೆ ಇಳಿಸುತ್ತಾರೆ. ಅಮಾಯಕರನ್ನು ಕೊಂದರೆ ಕುಸಿಯುತ್ತದೆ. ತೀರ ಕುಸಿದರೆ ಒಳ್ಳೆಯವರು ದಂಡು ಬಿಟ್ಟು ಹೋಗುತ್ತಾರೆ. ತೀರ ಏರಿದರೆ ಕೇಡಿಗರು ಹೊರಡುತ್ತಾರೆ. ಎಲ್ಲರನ್ನೂ ಒಟ್ಟಿಗೆ ಮೆಚ್ಚಿಸುವುದು ಸಾಧ್ಯವಿಲ್ಲವೆಂಬ ಪಾಠ ಆಟಗಾರನಿಗೆ ಬೇಗನೆ ತಿಳಿಯುತ್ತದೆ.

ದಾಳದ ಲೆಕ್ಕ

ಪರದೆಯ ಮೇಲೆ ಕತ್ತಿ ಬೀಸುವುದಷ್ಟೇ ಕಾಣುತ್ತದೆ. ಒಳಗೆ ನಡೆಯುವುದು ದಾಳದ ಲೆಕ್ಕ. ಪ್ರತಿ ಪಾತ್ರಕ್ಕೂ ಆರು ಗುಣಗಳಿವೆ: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಸಾಮಾನ್ಯ ಮನುಷ್ಯನಿಗೆ ಒಂದೊಂದಕ್ಕೂ 3ರಿಂದ 18ರವರೆಗೆ ಅಂಕ. ಆರು ಮುಖದ ಮೂರು ದಾಳ ಹಾಕಿದಾಗ ಬೀಳಬಹುದಾದ ಕನಿಷ್ಠ ಹಾಗೂ ಗರಿಷ್ಠ ಮೊತ್ತಗಳೇ ಇವು.

ಹೊಡೆದಾಟಕ್ಕೆ ಬೇಕಾದದ್ದು ಇಪ್ಪತ್ತು ಮುಖದ ದಾಳ. ಹೊಸ ಯೋಧನೊಬ್ಬನ ದಾಳಿಯ ಅಂಕ 20 ಎಂದಿಟ್ಟುಕೊಳ್ಳೋಣ. ಎದುರಾಳಿಯ ಕವಚದ ಅಂಕ 7. ಇಪ್ಪತ್ತರಲ್ಲಿ ಏಳು ಕಳೆದರೆ ಹದಿಮೂರು. ದಾಳದಲ್ಲಿ 13 ಅಥವಾ ಅದಕ್ಕೂ ಹೆಚ್ಚು ಬಿದ್ದರೆ ಏಟು ತಾಗಿತು. ಅಂದರೆ ಇಪ್ಪತ್ತರಲ್ಲಿ ಎಂಟು ಅವಕಾಶ, ಶೇಕಡಾ 40. ಎದುರಾಳಿ ದಪ್ಪ ಕವಚ ತೊಟ್ಟು ಅವನ ಅಂಕ 2 ಆಗಿದ್ದರೆ 18 ಬೀಳಬೇಕು. ಆಗ ಉಳಿಯುವುದು ಶೇಕಡಾ 15 ಮಾತ್ರ. ಈ ಪದ್ಧತಿಯಲ್ಲಿ ಕವಚ ಗಟ್ಟಿಯಾದಷ್ಟೂ ಅದರ ಅಂಕ ಕಡಿಮೆ. ಮೊದಲ ಸಲ ನೋಡಿದವರಿಗೆ ಇದು ಗೊಂದಲವೆನಿಸಿದರೂ ಕೂಡುವ ಕಳೆಯುವ ಲೆಕ್ಕ ಬಲ್ಲ ಹುಡುಗರು ಅರ್ಧ ಗಂಟೆಯಲ್ಲಿ ಹಿಡಿದುಬಿಡುತ್ತಾರೆ.

ಕಂಪ್ಯೂಟರ್ ಇಂಥ ನೂರಾರು ಲೆಕ್ಕಗಳನ್ನು ಕಣ್ಣೆವೆ ಇಕ್ಕುವುದರೊಳಗೆ ಮಾಡುತ್ತದೆ. ಆಟಗಾರ ಕೀಲಿಮಣೆಯ ಉದ್ದನೆಯ ಕೀಲಿ ಒತ್ತಿದರೆ ಇಡೀ ಲೋಕ ನಿಂತುಬಿಡುತ್ತದೆ. ಆರು ಜನರಿಗೂ ಏನು ಮಾಡಬೇಕೆಂದು ಅಪ್ಪಣೆ ಕೊಟ್ಟು ಮತ್ತೆ ಒತ್ತಿದರೆ ಯುದ್ಧ ಮುಂದುವರಿಯುತ್ತದೆ. ಹೀಗಾಗಿ ಇದು ಬೆರಳಿನ ವೇಗದ ಆಟವಲ್ಲ, ಯೋಚನೆಯ ಆಟ.

ದಾಳ ಎಂದೊಡನೆ ನಮ್ಮ ಮನೆಗಳ ಹಿರಿಯರಿಗೆ ಜೂಜು ನೆನಪಾಗುವುದು ಸಹಜ. ಧರ್ಮರಾಯ ರಾಜ್ಯ ಕಳೆದುಕೊಂಡದ್ದು ದಾಳದಲ್ಲೇ. ಆದರೆ ಇಲ್ಲಿ ಪಣವಿಲ್ಲ, ಹಣವಿಲ್ಲ. ಎಷ್ಟೇ ಲೆಕ್ಕ ಹಾಕಿದರೂ ಬದುಕಿನಲ್ಲಿ ಅದೃಷ್ಟದ ಪಾಲೊಂದು ಉಳಿದೇ ಇರುತ್ತದೆ ಎಂಬುದನ್ನು ತೋರಿಸಲು ಮಾತ್ರ ದಾಳವಿದೆ.

ಚತುರಂಗದ ಮೊಮ್ಮಕ್ಕಳು

ಈ ದಾಳ, ಈ ದಂಡು, ಈ ಸಾರಥಿ ಎಲ್ಲಿಂದ ಬಂದವು? ಹಿಂದೆ ಹಿಂದೆ ಹೋದರೆ ತಲುಪುವುದು ಭಾರತಕ್ಕೆ. ರಥ, ಆನೆ, ಕುದುರೆ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯನ್ನು ಹಲಗೆಯ ಮೇಲೆ ಇಟ್ಟು ಆಡುವ ಚತುರಂಗ ಹುಟ್ಟಿದ್ದು ಇಲ್ಲಿ. ಏಳನೆಯ ಶತಮಾನದ ಬಾಣಭಟ್ಟ ತನ್ನ ‘ಹರ್ಷಚರಿತ’ದಲ್ಲಿ ಈ ಆಟವನ್ನು ಪ್ರಸ್ತಾಪಿಸಿದ್ದಾನೆ. ಒಂದೊಂದು ಕಾಯಿಗೂ ಒಂದೊಂದು ನಡೆ, ಒಂದೊಂದು ಶಕ್ತಿ, ಎಲ್ಲ ಸೇರಿದರೆ ಮಾತ್ರ ಗೆಲುವು ಎಂಬ ತತ್ವ ಅಲ್ಲಿಯೇ ಇದೆ. ಆಟ ಪರ್ಷಿಯಾ, ಅರಬ್ ನಾಡುಗಳ ದಾರಿಯಲ್ಲಿ ಯುರೋಪು ಸೇರಿ ಚೆಸ್ ಆಯಿತು.

1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನಲ್ಲಿ ಹೆಲ್ವಿಗ್ ಎಂಬ ಗಣಿತದ ಅಧ್ಯಾಪಕ ಚೆಸ್ ಹಲಗೆಯನ್ನು ಹಿಗ್ಗಿಸಿ, ಅದರಲ್ಲಿ ನದಿ, ಬೆಟ್ಟ, ಕೋಟೆಗಳನ್ನು ಸೇರಿಸಿ ಯುದ್ಧದಾಟವೊಂದನ್ನು ಪ್ರಕಟಿಸಿದ. ಪ್ರಷ್ಯಾದ ರೈಸ್‌ವಿಟ್ಸ್ ಎಂಬ ತಂದೆ ಮತ್ತು ಮಗ ಇದನ್ನು ಮುಂದಕ್ಕೆ ಒಯ್ದರು. ಮಗ 1824ರಲ್ಲಿ ರೂಪಿಸಿದ ಆಟದಲ್ಲಿ ಚೌಕದ ಮನೆಗಳು ಹೋಗಿ ನಿಜವಾದ ಭೂಪಟ ಬಂತು. ಗುಂಡು ತಾಗಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸಿತು. ಎರಡೂ ಕಡೆಯ ಅಪ್ಪಣೆಗಳನ್ನು ಕೇಳಿ, ಯಾರಿಗೆ ಏನು ಕಾಣುತ್ತದೆ ಎಂದು ಹೇಳುವ ನಡುವಿನ ಮನುಷ್ಯನೊಬ್ಬ ಬಂದ. ಪ್ರಷ್ಯಾದ ಸೇನಾಧಿಕಾರಿಗಳು ಇದನ್ನು ಆಟವೆನ್ನದೆ ಯುದ್ಧದ ಪಾಠವೆಂದು ಒಪ್ಪಿ ಸೈನ್ಯದಲ್ಲಿ ಬಳಸಿದರು.

1913ರಲ್ಲಿ ಇಂಗ್ಲೆಂಡಿನ ಕಾದಂಬರಿಕಾರ ಎಚ್.ಜಿ. ವೆಲ್ಸ್ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದು ತವರದ ಸೈನಿಕರ ಆಟವನ್ನು ಮನೆಗಳಿಗೆ ತಂದರು. ಅಮೆರಿಕದಲ್ಲಿ ಅದು ಹವ್ಯಾಸಿಗಳ ಕೂಟವಾಗಿ ಬೆಳೆಯಿತು. ಅಂಥ ಇಬ್ಬರು ಹವ್ಯಾಸಿಗಳು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಇಡೀ ಸೈನ್ಯದ ಬದಲು ಒಬ್ಬೊಬ್ಬ ಆಟಗಾರ ಒಂದೊಂದು ಪಾತ್ರ ವಹಿಸಿ, ಎಲ್ಲರೂ ಸೇರಿ ಒಂದೇ ದಂಡಾಗಿ ನೆಲಮಾಳಿಗೆಗೆ ಇಳಿದರೆ ಹೇಗೆ ಎಂಬ ಯೋಚನೆಯಿಂದ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹುಟ್ಟಿತು. ಮೂರು ಪುಟ್ಟ ಪುಸ್ತಕಗಳ ಒಂದು ಪೆಟ್ಟಿಗೆ, ಮೊದಲ ಮುದ್ರಣ 1,000 ಪ್ರತಿ. ಪ್ರಷ್ಯಾದ ತೀರ್ಪುಗಾರ ಇಲ್ಲಿ ಕಥೆ ಹೇಳುವವನಾದ. ದಂಡಿನ ಎದುರಿಗೆ ಏನಿದೆ ಎಂದು ವರ್ಣಿಸುವವನೂ ರಾಕ್ಷಸನ ಪರವಾಗಿ ಮಾತಾಡುವವನೂ ದಾಳದ ಫಲ ಸಾರುವವನೂ ಅವನೇ. ದೊಡ್ಡಾಟದ ಸಾರಥಿಗೂ ಅವನಿಗೂ ನಂಟಿಲ್ಲದಿದ್ದರೂ ಹೋಲಿಕೆ ಮಾತ್ರ ಸ್ಪಷ್ಟ.

ಮರುವರ್ಷವೇ, 1975ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಕಲಿಕೆಯ ಕಂಪ್ಯೂಟರ್ ಜಾಲದಲ್ಲಿ ವಿದ್ಯಾರ್ಥಿಗಳು ಈ ಆಟದ ಅನುಕರಣೆಗಳನ್ನು ಬರೆಯತೊಡಗಿದರು. 1981ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ‘ವಿಝರ್ಡ್ರಿ’ ಎಂಬ ಆಟವನ್ನು ಆಪಲ್ ಕಂಪ್ಯೂಟರಿಗೆ ತಂದರು. ಆರು ಜನರ ದಂಡನ್ನು ಮನೆಯ ಕಂಪ್ಯೂಟರಿನಲ್ಲಿ ನೆಲೆಗೊಳಿಸಿದ ಕೀರ್ತಿ ಅದಕ್ಕೆ ಸೇರಬೇಕು. ಅದು ಜಪಾನಿಗೆ ಹೋಗಿ ಅಲ್ಲಿಯ ‘ಡ್ರ್ಯಾಗನ್ ಕ್ವೆಸ್ಟ್’ (1986), ‘ಫೈನಲ್ ಫ್ಯಾಂಟಸಿ’ (1987) ಆಟಗಳಿಗೆ ಪ್ರೇರಣೆಯಾಯಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ನಿಯಮಗಳನ್ನೇ ಅಧಿಕೃತವಾಗಿ ಅಳವಡಿಸಿಕೊಂಡ ‘ಪೂಲ್ ಆಫ್ ರೇಡಿಯನ್ಸ್’ 1988ರಲ್ಲಿ ಬಂತು. ಬಾಲ್ಡರ್ಸ್ ಗೇಟ್ ಅದೇ ಸಾಲಿನ ಕುಡಿ.

ಅರಸನ ಹಲಗೆಗಳು

ಆಟವನ್ನು ವಿದ್ಯೆಯೆಂದು ಕಂಡವರು ನಮ್ಮಲ್ಲೂ ಇದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅವರು ಸಾಹಿತ್ಯ, ಕಲೆಗಳ ಜೊತೆಗೆ ಆಟಗಳಿಗೂ ಮನಸ್ಸು ಕೊಟ್ಟರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿ ಹಲಗೆಯಾಟ, ಎಲೆಯಾಟಗಳಿಗೇ ಮೀಸಲು. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡು ಸಲ ಮೆಟ್ಟದೆ ಇಡೀ ಹಲಗೆ ಸುತ್ತಿ ಬರುವ ಕಠಿಣ ಲೆಕ್ಕವನ್ನೂ ಅವರು ಬಿಡಿಸಿದ್ದರು.

ಅರಮನೆಯ ಮಾತು ಹಾಗಿರಲಿ. ಹತ್ತಿಕುಣಿಯಂಥ ಊರುಗಳ ಕಟ್ಟೆಯ ಮೇಲೂ ಕವಡೆ, ಹುಣಸೆಬೀಜಗಳಿಂದ ಮನೆಯಾಟ ಆಡಿದ ತಲೆಮಾರುಗಳಿವೆ. ಪಗಡೆಯಲ್ಲಿ ಎದುರುಬದುರು ಕುಳಿತವರು ಜೊತೆಗಾರರು. ತನ್ನ ಕಾಯಿ ಹಣ್ಣಾದರೆ ಸಾಲದು, ಜೊತೆಗಾರನದ್ದೂ ಆಗಬೇಕು. ದಂಡು ಕಟ್ಟಿ ಆಡುವ ಸಂಸ್ಕಾರ ನಮಗೆ ಹೊರಗಿನಿಂದ ಬರಬೇಕಾದದ್ದಲ್ಲ.

ಪೋಲೆಂಡಿನ ಪಾಠ

ಹೀಗಿದ್ದೂ ಒಂದು ತೊಡಕಿದೆ. ಈ ಆಟಗಳ ಮುಕ್ಕಾಲು ಭಾಗ ಮಾತು. ಊರಿನವರ ದೂರು, ವರ್ತಕರ ಚೌಕಾಸಿ, ಜೊತೆಗಾರರ ಜಗಳ, ಹಳೆಯ ಪುಸ್ತಕಗಳ ಪುಟಗಳು ಎಲ್ಲವನ್ನೂ ಓದಬೇಕು. ಓದಲಾಗದವನಿಗೆ ಉಳಿಯುವುದು ಕತ್ತಿಯ ಸದ್ದು ಮಾತ್ರ. ಬಾಲ್ಡರ್ಸ್ ಗೇಟ್‌ನ ಮೂರನೆಯ ಭಾಗ ಪೋಲಿಷ್, ಟರ್ಕಿಷ್, ಉಕ್ರೇನಿಯನ್, ಜಪಾನಿ, ಕೊರಿಯನ್ ಮೊದಲಾದ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ದೊರೆಯುತ್ತದೆ. ಕನ್ನಡವಿರಲಿ, ಭಾರತದ ಯಾವ ಭಾಷೆಯೂ ಆ ಪಟ್ಟಿಯಲ್ಲಿಲ್ಲ.

ಭಾಷಾಂತರದಿಂದ ಏನಾಗಬಹುದು ಎಂಬುದಕ್ಕೆ ಪೋಲೆಂಡ್ ಉದಾಹರಣೆ. 1994ರಲ್ಲಿ ಇಬ್ಬರು ಶಾಲಾ ಗೆಳೆಯರು ವಾರ್ಸಾದಲ್ಲಿ ಸಿ.ಡಿ. ಪ್ರಾಜೆಕ್ಟ್ ಎಂಬ ಪುಟ್ಟ ಸಂಸ್ಥೆ ಆರಂಭಿಸಿದರು. ಆಗ ಅಲ್ಲಿನ ಸಂತೆಗಳಲ್ಲಿ ಕದ್ದು ನಕಲು ಮಾಡಿದ ಆಟಗಳೇ ಅಗ್ಗಕ್ಕೆ ಸಿಗುತ್ತಿದ್ದವು. ಅಸಲಿಯನ್ನು ಯಾರು ಕೊಳ್ಳುತ್ತಾರೆ? ಆ ಗೆಳೆಯರು ನಕಲಿಯವರು ಕೊಡಲಾಗದ್ದನ್ನು ಕೊಟ್ಟರು. 1999ರಲ್ಲಿ ಬಾಲ್ಡರ್ಸ್ ಗೇಟ್ ಆಟವನ್ನು ಪೂರ್ತಿ ಪೋಲಿಷ್ ಭಾಷೆಗೆ ತಂದು, ಹೆಸರಾಂತ ನಟರಿಂದ ದನಿ ಕೊಡಿಸಿ ಮಾರಿದರು. ಜನ ಮುಗಿಬಿದ್ದು ಕೊಂಡರು.

ಆ ಗೆಲುವು ಅಲ್ಲಿಗೇ ನಿಲ್ಲಲಿಲ್ಲ. ಇತರರ ಆಟ ತರುವುದನ್ನು ಕಲಿತವರು ತಮ್ಮದೇ ಆಟ ಕಟ್ಟಲು ಹೊರಟರು. ಆರಿಸಿಕೊಂಡದ್ದು ಪೋಲಿಷ್ ಲೇಖಕ ಆಂಜೆ ಸಪ್ಕೊವ್‌ಸ್ಕಿಯವರ ಕಥೆಗಳನ್ನು. ತಮ್ಮ ನಾಡಿನ ಜನಪದ ಭೂತಪ್ರೇತಗಳೇ ತುಂಬಿದ್ದ ‘ದಿ ವಿಚರ್’ 2007ರಲ್ಲಿ ಹೊರಬಂತು. ಅದರ ಮೊದಲ ಭಾಗಕ್ಕೆ ಬಳಸಿದ ತಂತ್ರಾಂಶದ ಅಡಿಪಾಯ ಬಯೋವೇರ್ ಸಂಸ್ಥೆಯದೇ. 2015ರ ಮೂರನೆಯ ಭಾಗದ ಹೊತ್ತಿಗೆ ಜಗತ್ತಿನ ಹುಡುಗರು ಪೋಲೆಂಡಿನ ಕಥೆಯನ್ನು ಆಡುತ್ತಿದ್ದರು.

ಕನ್ನಡದ ಬಾಗಿಲು

ಕರ್ನಾಟಕಕ್ಕೆ ಕಂಪ್ಯೂಟರ್ ಬಲ್ಲವರ ಬರವಿಲ್ಲ. ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಆಟಗಳ ಸಂಸ್ಥೆ ಆರಂಭಿಸಿದ್ದು 1997ರಲ್ಲಿ. ಅದು ವಿದೇಶಿ ಆಟಗಳಿಗೆ ಚಿತ್ರ, ಬೊಂಬೆಗಳನ್ನು ರೂಪಿಸಿ ಹೆಸರು ಮಾಡಿತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಕೈ ನಮ್ಮದು, ಕಥೆ ಪರರದು ಎಂಬ ಸ್ಥಿತಿ ಇದು.

ತಾಂತ್ರಿಕ ಅಡ್ಡಿಗಳಿದ್ದವು, ನಿಜ. ಬಾಲ್ಡರ್ಸ್ ಗೇಟ್‌ನಲ್ಲಿ ಮಾತುಗಳೆಲ್ಲ ಒಂದೇ ಕಡತದಲ್ಲಿ, ಒಂದೊಂದಕ್ಕೂ ಒಂದು ಸಂಖ್ಯೆಯೊಡನೆ ಬೇರೆಯಾಗಿ ಕೂತಿವೆ. ಆಟದ ಉಳಿದ ಭಾಗ ಮುಟ್ಟದೆ ಆ ಕಡತವನ್ನಷ್ಟೇ ಭಾಷಾಂತರಿಸಬಹುದು. ಅನೇಕ ದೇಶಗಳ ಹವ್ಯಾಸಿಗಳು ಮಾಡಿದ್ದು ಇದನ್ನೇ. ಆದರೆ 1998ರ ಆಟ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟ ಚಿತ್ರಗಳಂತೆ ಮೂಡಿಸುತ್ತಿತ್ತು. ರೋಮನ್ ಲಿಪಿಗೆ ಅದು ಸಾಕು. ಗುಣಿತ, ಒತ್ತಕ್ಷರಗಳು ಒಂದರೊಳಗೊಂದು ಹೆಣೆದುಕೊಳ್ಳುವ ಕನ್ನಡಕ್ಕೆ ಸಾಲದು.

ಆ ಕಾಲ ಈಗಿಲ್ಲ. ಜಗತ್ತಿನ ಎಲ್ಲ ಲಿಪಿಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ. ಕನ್ನಡಿಗರ ಮನೆ ಮನೆ ಸೇರಿದ ‘ಬರಹ’ ತಂತ್ರಾಂಶ ಬಂದದ್ದು ಬಾಲ್ಡರ್ಸ್ ಗೇಟ್ ಬಂದ ವರ್ಷವೇ. ಇಂದು ಸಾಮಾನ್ಯ ಮೊಬೈಲ್ ಕೂಡ ಕನ್ನಡವನ್ನು ಅಚ್ಚುಕಟ್ಟಾಗಿ ತೋರಿಸುತ್ತದೆ. ಉಳಿದಿರುವುದು ಮನಸ್ಸು ಮಾಡುವ ಕೆಲಸ.

ಅದು ಯಾದಗಿರಿಯಂಥ ಜಿಲ್ಲೆಗೆ ಬರೀ ಮೋಜಿನ ಪ್ರಶ್ನೆಯಲ್ಲ. 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಕನಿಷ್ಠ ಸಾಕ್ಷರತೆ ಕಂಡ ಜಿಲ್ಲೆ ಇದು. ಆಗಿನ ಪ್ರಮಾಣ ಶೇಕಡಾ 51.83. ಶಾಲೆ ಕಲಿಸಿದ ಅಕ್ಷರ ಉಳಿಯಬೇಕಾದರೆ ಓದಲು ಆಸೆ ಹುಟ್ಟಿಸುವ ಏನಾದರೂ ಕೈಗೆ ಸಿಗಬೇಕು. ಮುಂದಿನ ಬಾಗಿಲು ತೆರೆಯಲು ಈ ಸಾಲು ಓದಲೇಬೇಕು ಎಂದಾಗ ಮಕ್ಕಳು ಎಷ್ಟು ಶ್ರದ್ಧೆಯಿಂದ ಓದುತ್ತಾರೆ ಎಂಬುದು ಮಕ್ಕಳಿರುವ ಮನೆಯವರಿಗೆ ಗೊತ್ತು. ಹತ್ತಾರು ಗಂಟೆ ನುಂಗುವ ಈ ಆಟಗಳಿಗೆ ಮಿತಿ ಹಾಕುವ ಹೊಣೆ ಹಿರಿಯರದು. ಒಬ್ಬನೇ ಮೂಲೆ ಹಿಡಿದು ಆಡುವುದಕ್ಕಿಂತ ನಾಲ್ವರು ಕೂಡಿ, ಒಬ್ಬ ಜೋರಾಗಿ ಓದಿ, ಉಳಿದವರು ಮುಂದೇನೆಂದು ವಾದ ಮಾಡುತ್ತ ಆಡುವುದೇ ಮೇಲು. ಕಂಪ್ಯೂಟರೂ ಇಲ್ಲದಿದ್ದರೆ ಒಂದು ಹಾಳೆ, ಒಂದು ಪೆನ್ಸಿಲ್, ಎರಡು ದಾಳ, ಕಥೆ ಹೇಳಬಲ್ಲ ಒಬ್ಬ ಅಕ್ಕನೋ ಮೇಷ್ಟ್ರೋ ಸಾಕು. 1974ರಲ್ಲಿ ಆಟ ಶುರುವಾದದ್ದೂ ಹೀಗೆಯೇ.

ಕಥೆಗೆ ಸರಕಂತೂ ಈ ಸೀಮೆಯಲ್ಲಿ ಬೇಕಾದಷ್ಟಿದೆ. ಯಾದಗಿರಿಯ ಬೆಟ್ಟದ ಮೇಲೆ ಕೋಟೆ, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡಸಾಲು, 1858ರಲ್ಲಿ ಬ್ರಿಟಿಷರಿಗೆ ಎದುರು ನಿಂತ ಸುರಪುರದ ರಾಜಾ ವೆಂಕಟಪ್ಪ ನಾಯಕ, ಹತ್ತಿಕುಣಿಯ ಜಲಾಶಯ. ಕ್ಯಾಂಡಲ್‌ಕೀಪ್ ಎಂಬ ಊರು ಭೂಪಟದಲ್ಲಿ ಎಲ್ಲೂ ಇಲ್ಲ. ಆದರೂ ಲಕ್ಷಾಂತರ ಹುಡುಗರಿಗೆ ಅದರ ಓಣಿ ಓಣಿ ಗೊತ್ತು. ಇಲ್ಲಿನ ಊರುಗಳೋ ನಿಜವಾಗಿಯೂ ಇವೆ.

ದೊಡ್ಡಾಟದ ಸಾರಥಿ ಬಂದವನನ್ನು ನೀನು ಯಾರೆಂದು ಕೇಳುವುದು ಕನ್ನಡದಲ್ಲಿ. ಆದ್ದರಿಂದಲೇ ಶಾಲೆಯ ಮೆಟ್ಟಿಲು ಹತ್ತದ ರೈತನೂ ಎದೆ ಸೆಟೆಸಿ ತಾನು ಭೀಮಸೇನನೆಂದು ಉತ್ತರ ಕೊಡಬಲ್ಲ. ಕಂಪ್ಯೂಟರಿನ ಸಾರಥಿ ಕೇಳುವ ಪ್ರಶ್ನೆಯೂ ಅದೇ. ಅದು ಹುಡುಗನಿಗೆ ಅರ್ಥವಾಗುವ ಮಾತಿನಲ್ಲಿ ಬಂದರೆ ಅವನೂ ಉತ್ತರ ಕೊಟ್ಟಾನು.